ಬೋಳುಗುಡ್ಡ ಅಂತ ಹೇಳಿದವರು ಯಾರು?

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಮಡಿಕೇರಿ. ಈ ನಾಲ್ಕರಲ್ಲಿ ಯಾವ ದಿಕ್ಕಿಗೆ ಗಾಡಿ ತಿರುಗಿಸಿದರೂ ಈಗ ರಸ್ತೆ ಪಕ್ಕ ಒಂದೇ ಥರದ ಬೋರ್ಡು ಸಿಗುತ್ತದೆ. ದಪ್ಪ ಟೈರಿನ ನಾಲ್ಕು ಗಾಲಿಯ ಬೈಕು, ಅದರ ಮೇಲೆ ಹೆಲ್ಮೆಟ್ ಹಾಕಿಕೊಂಡ ನಗುಮುಖ, ಹಿಂದೆ ಹಸಿರು ಬೆಟ್ಟ. ‘ಎಟಿವಿ ರೈಡ್, ಆಫ್‌ರೋಡ್, ಕ್ಯಾಂಪ್‌ಫೈರ್.’ ಎಟಿವಿ ಅಂದರೆ ಆಲ್ ಟೆರೇನ್ ವೆಹಿಕಲ್, ಯಾವ ನೆಲದ ಮೇಲಾದರೂ ಹೋಗಬಲ್ಲ ಗಾಡಿ. ಹೋಗಬಲ್ಲದು ಅನ್ನೋದು ಗಾಡಿಯ ಗುಣ. ಅಲ್ಲಿಗೆ ಹೋಗಬಹುದೋ ಇಲ್ಲವೋ ಅನ್ನೋದು ಬೇರೆಯೇ ಪ್ರಶ್ನೆ. ನಮ್ಮ ಘಟ್ಟದ ಸೀಮೆಯಲ್ಲಿ ಈ ಎರಡನ್ನೂ ಒಂದೇ ಮಾಡಿ ಮಾರುತ್ತಿದ್ದಾರೆ, ನಾವು ದುಡ್ಡು ಕೊಟ್ಟು ಕೊಂಡುಕೊಳ್ಳುತ್ತಿದ್ದೇವೆ.

ಮೊದಲೇ ಹೇಳಿಬಿಡುತ್ತೇನೆ, ಕ್ವಾಡ್ ಬೈಕ್ ಓಡಿಸೋದು ಮಜಾ ಇದೆ. ಕಳೆದ ಡಿಸೆಂಬರಿನಲ್ಲಿ ಆರು ಜನ ಗೆಳೆಯರು ಒಂದಿಡೀ ದಿನ ಓಡಿಸಿದೆವು. ಕಾಫಿ ತೋಟದ ಒಳಗಿನ ಮಣ್ಣು ದಾರಿ, ಸಿಲ್ವರ್ ಓಕ್ ಮರಗಳ ನಡುವೆ ಏರು, ಹಳ್ಳ ದಾಟುವಾಗ ಮುಖಕ್ಕೆ ಹಾರುವ ಕೆಸರು, ಹಿಂದೆ ಬರುವವನ ಕೂಗಾಟ. ವಾರವಿಡೀ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕ್ಲಚ್ಚು ತುಳಿದವರಿಗೆ ಅದು ಎಂಥಾ ಸುಖ ಅಂತ ವಿವರಿಸಬೇಕಾಗಿಲ್ಲ. ಆದ್ದರಿಂದ ಇದು ‘ಈಗಿನ ಹುಡುಗರು ಹಾಳಾದರು’ ಅನ್ನೋ ಬರಹ ಅಲ್ಲ. ನನ್ನ ತಕರಾರು ಗಾಡಿಯ ಮೇಲಲ್ಲ, ಅದನ್ನು ಬಿಡುವ ಜಾಗದ ಮೇಲೆ. ತೋಟದ ದಾರಿ ಮುಗಿದು ಹುಲ್ಲುಗಾವಲು ಶುರುವಾಗುತ್ತದಲ್ಲ, ಅಲ್ಲಿಂದ ಮೇಲಕ್ಕೆ ಈ ಗಾಡಿಗಳು ಹೋಗಬಾರದು. ಒಂದೂ ಹೋಗಬಾರದು.

ಯಾಕೆ ಅಂತ ಕೇಳಿದರೆ ‘ಅಲ್ಲೇನಿದೆ ಸಾರ್, ಬೋಳುಗುಡ್ಡ’ ಅನ್ನುತ್ತಾರೆ. ಎಲ್ಲಾ ತಕರಾರಿನ ಬೇರು ಈ ಒಂದು ಪದದಲ್ಲಿದೆ. ಕಾಡು ಅಂದರೆ ಮರ, ಮರ ಇಲ್ಲದ್ದು ಖಾಲಿ ಜಾಗ ಅಂತ ನಮಗೆ ಯಾರೋ ಹೇಳಿಕೊಟ್ಟಿದ್ದಾರೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕುದುರೆಮುಖ, ಪುಷ್ಪಗಿರಿ, ಎಲ್ಲಿ ಬೇಕಾದರೂ ನಿಂತು ನೋಡಿ. ನೆತ್ತಿಯ ಮೇಲೆ ಹುಲ್ಲು, ಕಣಿವೆಯ ಮಡಿಲಲ್ಲಿ ದಟ್ಟ ಶೋಲಾ ಕಾಡು. ಇವೆರಡೂ ಒಂದೇ ವ್ಯವಸ್ಥೆಯ ಎರಡು ಅಂಗ. ಹುಲ್ಲು ಅಂದರೆ ಕಾಡು ಕಡಿದ ಮೇಲೆ ಉಳಿದ ಶೇಷ ಅಂತ ಅಂದುಕೊಂಡವರಿಗೆ ಒಂದು ವಿಷಯ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗು ಮಣ್ಣಿನ ಪದರಗಳನ್ನು ಪರೀಕ್ಷಿಸಿ ನೋಡಿದಾಗ, ಸುಮಾರು 20,000 ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲು ಇದ್ದದ್ದು ಗೊತ್ತಾಯಿತು. ಮನುಷ್ಯ ಕೊಡಲಿ ಹಿಡಿದು ಘಟ್ಟ ಹತ್ತುವುದಕ್ಕೆ ಬಹಳ ಮೊದಲೇ ಹುಲ್ಲು ಅಲ್ಲಿತ್ತು.

2022ರಲ್ಲಿ ಚಂದ್ರದ್ರೋಣ ಪರ್ವತ ಸಾಲಿನಲ್ಲಿ ನೀಲಕುರಿಂಜಿ ಅರಳಿದಾಗ ಇಡೀ ಬೆಂಗಳೂರು ಕ್ಯಾಮೆರಾ ಹಿಡಿದು ಹೋಗಿತ್ತು, ನೆನಪಿದೆಯಲ್ಲ? ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ಗಿಡ ಅದು. ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. 2034ಕ್ಕೆ ಅರಳಬೇಕಾದ ಹೂವು ಎಲ್ಲಿದೆ ಹೇಳಿ? ಆ ‘ಖಾಲಿ’ ಗುಡ್ಡದ ನೆಲದಲ್ಲೇ ಇದೆ. ಹೂವಿಲ್ಲದ ವರ್ಷಗಳಲ್ಲಿ ಅದರ ಫೋಟೋ ಯಾರೂ ತೆಗೆಯೋದಿಲ್ಲ, ಅಷ್ಟೇ.

ಇನ್ನು ಟೈರಿನ ವಿಷಯಕ್ಕೆ ಬರೋಣ. ರೆಸಾರ್ಟಿನವರು ಒಂದು ವಾದ ತಯಾರಿಟ್ಟುಕೊಂಡಿರುತ್ತಾರೆ. ‘ಇದು ಬಲೂನ್ ಟೈರು ಸಾರ್, ಕಾರಿಗೆ 30 ಪಿಎಸ್‌ಐ ಮೇಲೆ ಗಾಳಿ ಬೇಕು, ಇದಕ್ಕೆ 5 ರಿಂದ 7 ಸಾಕು. ಹುಲ್ಲಿಗೆ ನೋವೇ ಆಗಲ್ಲ.’ ಅರ್ಧ ನಿಜ. ಸಮತಟ್ಟು ನೆಲದಲ್ಲಿ, ಒಣ ಮಣ್ಣಿನಲ್ಲಿ, ಒಂದು ಗಾಡಿ ಒಂದು ಸಲ ನಿಧಾನ ಹೋದರೆ ಹುಲ್ಲು ಮಲಗಿ ಮತ್ತೆ ಎದ್ದು ನಿಲ್ಲಬಹುದು. ಆದರೆ ಗುಡ್ಡದಲ್ಲಿ ಹಾನಿ ಮಾಡೋದು ಬರೀ ಭಾರ ಅಲ್ಲ, ಉಜ್ಜಾಟ. ಏರಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಟೈರಿನ ಗಂಟುಗಳು ಜಾರಿ ತಿರುಗುತ್ತವಲ್ಲ, ಆಗ ಅವು ಹುಲ್ಲಿನ ಬೇರನ್ನೇ ಕಿತ್ತು ಹಿಂದಕ್ಕೆ ಎಸೆಯುತ್ತವೆ. ಬೇರು ಹೋದ ಮೇಲೆ ಮಣ್ಣು ಬರಿಮೈ. ಮೊದಲ ಮಳೆಗೆ ನೀರು ಆ ಗೆರೆಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಎರಡನೇ ಮಳೆಗಾಲಕ್ಕೆ ಅದು ಕೊರಕಲು. ಕೊರಕಲಿನಲ್ಲಿ ಗಾಡಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಮುಂದಿನ ಸವಾರ ಪಕ್ಕದ ಹುಲ್ಲಿನ ಮೇಲೆ ಹೊಸ ಗೆರೆ ಎಳೆಯುತ್ತಾನೆ. ಹೀಗೆ ಒಂದು ದಾರಿ ಎರಡಾಗಿ, ಎರಡು ನಾಲ್ಕಾಗಿ, ಗುಡ್ಡದ ಮೈಮೇಲೆ ಜಡೆ ಹಾಕಿದ ಹಾಗೆ ಕೆಂಪು ಗೆರೆಗಳು ಮೂಡುತ್ತವೆ. ಯಾವೊಬ್ಬ ಸವಾರನೂ ‘ನಾನು ಗುಡ್ಡ ಹಾಳು ಮಾಡಿದೆ’ ಅನ್ನುವ ಹಾಗಿಲ್ಲ. ಎಲ್ಲರೂ ಸೇರಿ ಮಾಡಿರುತ್ತಾರೆ.

ಆ ಮಣ್ಣು ಎಲ್ಲಿಗೆ ಹೋಗುತ್ತದೆ? ಕೆಳಗೆ ಹೋಗುತ್ತದೆ. ಕೆಳಗೆ ಮನೆಗಳಿವೆ.

ಪೇಟೆಯವರಿಗೆ ಇದು ಗೊತ್ತಿರಲಿಕ್ಕಿಲ್ಲ. ಮಲೆನಾಡಿನ ಎಷ್ಟೋ ಮನೆಗಳಿಗೆ ಬೋರ್‌ವೆಲ್ಲೂ ಇಲ್ಲ, ನಲ್ಲಿಯೂ ಇಲ್ಲ. ಮೇಲಿನ ಗುಡ್ಡದ ಒರತೆಯಿಂದ ಅಬ್ಬಿ ನೀರು ಇಳಿದು ಬರುತ್ತದೆ. ಹಿಂದೆ ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ ಬರುತ್ತದೆ. ಕರೆಂಟಿಲ್ಲ, ಮೋಟರಿಲ್ಲ, ಬಿಲ್ಲಿಲ್ಲ. ಹಗಲೂ ರಾತ್ರಿ ಹಂಡೆಗೆ ಬೀಳುತ್ತಲೇ ಇರುತ್ತದೆ. ಆ ನೀರನ್ನು ಮಳೆಗಾಲದಲ್ಲಿ ಹೀರಿಟ್ಟುಕೊಂಡು ಏಪ್ರಿಲ್‌ವರೆಗೆ ತೊಟ್ಟು ತೊಟ್ಟಾಗಿ ಬಿಡುವುದು ಇದೇ ಹುಲ್ಲು, ಇದೇ ಶೋಲಾ. ನಾವು ಹೋದ ದಿನ ಗೈಡ್ ಹುಡುಗ ತೋಟದ ಗಡಿ ದಾಟಿಸಿ ಹುಲ್ಲಿನ ದಿಬ್ಬದ ಬುಡಕ್ಕೆ ಕರೆದೊಯ್ದ. ಅಲ್ಲಿ ಒಬ್ಬರು ಹಿರಿಯರು ಕೂತು ಪೈಪಿಗೆ ಸೈಕಲ್ ಟ್ಯೂಬು ಸುತ್ತುತ್ತಿದ್ದರು. ಹಿಂದಿನ ದಿನದ ತಂಡ ಅದರ ಮೇಲೇ ಹತ್ತಿಸಿಕೊಂಡು ಹೋಗಿತ್ತು. ಅವರು ಜಗಳಕ್ಕೆ ಬರಲಿಲ್ಲ. ಪೈಪ್ ಒಡೆದರೆ ಕಟ್ಟಬಹುದು ಮಾರಾಯ್ರೆ, ಒರತೆಗೆ ಮಣ್ಣು ತುಂಬಿದರೆ ಏನು ಕಟ್ಟೋದು ಅಂತ ಕೇಳಿದರು, ಅಷ್ಟೆ. ಗೈಡ್ ಹುಡುಗ ತಲೆ ತಗ್ಗಿಸಿದ. ಅವನ ಮನೆಗೂ ನೀರು ಬರೋದು ಅಂಥದ್ದೇ ಪೈಪಿನಲ್ಲಿ.

ಒಂದು ಪೈಪಿನ ಕತೆ ದೊಡ್ಡದು ಮಾಡಬೇಡಿ ಅನ್ನಬಹುದು. ಸರಿ, ದೊಡ್ಡದನ್ನೇ ತೆಗೆದುಕೊಳ್ಳಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಕುದುರೆಮುಖದ ಸಾಲಿನ ಗಂಗಾಮೂಲದ ಕಡೆಯಿಂದ. ಹೇಮಾವತಿ ಹುಟ್ಟುವುದು ಮೂಡಿಗೆರೆ ಸೀಮೆಯಲ್ಲಿ. ಕಾವೇರಿ ತಲಕಾವೇರಿಯಲ್ಲಿ. ಬೆಂಗಳೂರಿನ ನಲ್ಲಿಯಲ್ಲಿ ಬರುವ ನೀರೂ ಕೊನೆಗೆ ಈ ಹುಲ್ಲಿನದ್ದೇ ಋಣ. ಕುದುರೆಮುಖದ ಗಣಿ ನಿಲ್ಲಿಸಬೇಕು ಅಂತ ಹೋರಾಟ ನಡೆದಾಗ ಮುಖ್ಯ ವಾದಗಳಲ್ಲಿ ಒಂದು, ಮಳೆಗೆ ಕೊಚ್ಚಿ ಹೋಗುವ ಮಣ್ಣು ಭದ್ರೆಗೆ ಸೇರುತ್ತದೆ ಅನ್ನುವುದೇ ಆಗಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಗಣಿಗೂ ಕ್ವಾಡ್ ಬೈಕಿಗೂ ಹೋಲಿಕೆಯೇ ಅಂತ ನಗಬೇಡಿ. ಪ್ರಮಾಣದಲ್ಲಿ ಹೋಲಿಕೆ ಇಲ್ಲ, ಒಪ್ಪಿದೆ. ಆದರೆ ಗಣಿ ಒಂದೇ ಜಾಗದಲ್ಲಿತ್ತು, ಅದಕ್ಕೊಂದು ಹೆಸರಿತ್ತು, ಕೋರ್ಟಿಗೆ ಎಳೆಯಬಹುದಿತ್ತು. ಇದು ನೂರು ಗುಡ್ಡದಲ್ಲಿ ಚೂರು ಚೂರಾಗಿ ಹಂಚಿಹೋದ ಕೆಲಸ. ಯಾರ ಮೇಲೆ ಕೇಸು ಹಾಕುತ್ತೀರಿ?

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಓಡುವ ಗಾಡಿಗೆ ನೋಂದಣಿ ಬೇಕು, ವಿಮೆ ಬೇಕು, ಓಡಿಸುವವನಿಗೆ ಲೈಸೆನ್ಸ್ ಬೇಕು. ಕಾರ್ಖಾನೆಯ ಒಳಗೆ ಅಥವಾ ಬೇಲಿಯೊಳಗಿನ ಆವರಣದಲ್ಲಿ ಮಾತ್ರ ಓಡುವುದಕ್ಕೆಂದು ಮಾಡಿದ ವಿಶೇಷ ಗಾಡಿ ಈ ಕಾಯ್ದೆಯ ‘ಮೋಟಾರು ವಾಹನ’ದ ಲೆಕ್ಕಕ್ಕೇ ಬರೋದಿಲ್ಲ. ನಂಬರ್ ಪ್ಲೇಟ್ ಇಲ್ಲದ ಬಾಡಿಗೆ ಕ್ವಾಡ್ ಬೈಕುಗಳು ನಿಂತಿರೋದು ಈ ವಿನಾಯಿತಿಯ ನೆರಳಲ್ಲಿ. ಸರಿ, ಬೇಲಿಯೊಳಗೆ ಓಡಿಸಿ, ಯಾರು ಬೇಡ ಅಂದರು? ಆದರೆ ಅದೇ ಗಾಡಿ ಪಂಚಾಯಿತಿ ರಸ್ತೆ ದಾಟಿ, ಗೋಮಾಳ ಹೊಕ್ಕು, ಗುಡ್ಡದ ನೆತ್ತಿಗೆ ಹೋದರೆ ಅದು ಯಾವ ಆವರಣ? ಬೇಲಿ ಎಲ್ಲಿದೆ? ಅಭಯಾರಣ್ಯದ ಗಡಿ ದಾಟಿದರಂತೂ 1972ರ ವನ್ಯಜೀವಿ ಕಾಯ್ದೆ ಇದೆ, ಅನುಮತಿ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. ಇದೇ ಗುಡ್ಡದಿಂದ ಒಂದು ಹೊರೆ ಸೌದೆ ತಂದರೆ ಊರಿನ ಹೆಂಗಸಿಗೆ ಗಾರ್ಡ್ ಪ್ರಶ್ನೆ ಕೇಳುತ್ತಾನೆ. ಇಪ್ಪತ್ತು ಬೈಕು ಹುಲ್ಲು ಕಿತ್ತುಕೊಂಡು ಹೋದರೆ ಅದಕ್ಕೆ ‘ಪರಿಸರ ಪ್ರವಾಸೋದ್ಯಮ’ ಅಂತ ಹೆಸರು. ನ್ಯಾಯವಾ ಇದು?

ಬೆಟ್ಟದ ಮಾತು ಬಿಡಿ, ಸವಾರನ ಜೀವದ ಮಾತಾಡೋಣ. ನಮಗೆ ಕೊಟ್ಟ ತರಬೇತಿ ಎರಡು ನಿಮಿಷದ್ದು. ಇದು ಬ್ರೇಕು, ಇದು ಆಕ್ಸಲರೇಟರ್, ಇಲ್ಲೊಂದು ಸೈನ್ ಹಾಕಿ. ಆ ಕಾಗದದಲ್ಲಿ ಏನಾದರೂ ಆದರೆ ಅವರು ಜವಾಬ್ದಾರರಲ್ಲ ಅಂತ ಬರೆದಿತ್ತು. ಹೆಲ್ಮೆಟ್ಟುಗಳೆಲ್ಲ ಒಂದೇ ಸೈಜು. ಬೈಕ್ ಓಡಿಸಿ ಅಭ್ಯಾಸ ಇರುವವರಿಗೇ ಈ ಗಾಡಿ ಹೆಚ್ಚು ಅಪಾಯ. ಬೈಕಿನಲ್ಲಿ ವಾಲಿದರೆ ಕಾಲು ಕೆಳಗಿಡುತ್ತೇವೆ, ಇಲ್ಲಿ ಕಾಲು ಕೆಳಗಿಟ್ಟರೆ ಹಿಂದಿನ ಚಕ್ರದಡಿಗೆ ಹೋಗುತ್ತದೆ. ಇಲ್ಲಿ ಆಕ್ಸಲರೇಟರ್ ಇರೋದು ಹೆಬ್ಬೆರಳಿಗೆ, ಹೆದರಿ ಹ್ಯಾಂಡಲ್ ಬಿಗಿ ಹಿಡಿದರೆ ವೇಗ ಏರುತ್ತದೆ. ಅಡ್ಡ ಇಳಿಜಾರಿನಲ್ಲಿ ಮೈಯನ್ನು ಏರಿನ ಕಡೆಗೆ ವಾಲಿಸದಿದ್ದರೆ ಗಾಡಿ ಮಗುಚುತ್ತದೆ. ಸುಮಾರು 300 ಕೆಜಿ ಮೈಮೇಲೆ ಬಿದ್ದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ ಅಂತ ಯೋಚಿಸಿ. ಅಮೆರಿಕದಲ್ಲಿ ಮೂರು ಚಕ್ರದ ಎಟಿವಿಗಳ ಮಾರಾಟವನ್ನು 1988ರಲ್ಲೇ ನಿಲ್ಲಿಸಿದರು. ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರಿನಿಂದ ಹೊಸ ಕ್ವಾಡ್ ಬೈಕಿಗೆ, ಮಗುಚಿದರೆ ಸವಾರನನ್ನು ಕಾಪಾಡುವ ಚೌಕಟ್ಟು ಕಡ್ಡಾಯ. ನಮ್ಮಲ್ಲಿ ಕಡ್ಡಾಯ ಆಗಿರೋದು ಸೈನ್ ಮಾತ್ರ. ಒಬ್ಬನಿಗೆಂದು ಮಾಡಿದ ಗಾಡಿಯಲ್ಲಿ ಅಪ್ಪ, ಮುಂದೆ ಮಗು, ಹಿಂದೆ ಅಮ್ಮ ಕೂತು ಹೋಗುವ ದೃಶ್ಯ ನೀವೂ ನೋಡಿರುತ್ತೀರಿ.

ಇದಕ್ಕೆಲ್ಲ ಒಂದೇ ಉತ್ತರ ಬರುತ್ತದೆ: ಉದ್ಯೋಗ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳೋದಿಲ್ಲ. ಕಾಫಿ, ಮೆಣಸಿನ ಬೆಲೆ ನಂಬಿ ಕೂತವರ ಪಾಡು ಏನು ಅಂತ ಮಲೆನಾಡಿನವರಿಗೆ ಗೊತ್ತು. 2008ರಲ್ಲಿ ‘ಗಾಳಿಪಟ’ ಸಿನಿಮಾ ಬಂದ ಮೇಲೆ ಮಾಂದಲಪಟ್ಟಿಗೆ ಜನ ನುಗ್ಗಿದರು, ಜೀಪು ಇಟ್ಟುಕೊಂಡ ಎಷ್ಟೋ ಹುಡುಗರ ಮನೆಯಲ್ಲಿ ಒಲೆ ಉರಿಯಿತು. ಅದನ್ನು ನಿಲ್ಲಿಸಿ ಅನ್ನೋದಕ್ಕೆ ನಾನ್ಯಾರು? ಆದರೆ ಜೀಪಿಗೆ ಒಂದು ದಾರಿ ಇದೆ. ಎಷ್ಟೇ ಹೊಂಡ ಬಿದ್ದಿದ್ದರೂ ಅದು ದಾರಿಯೇ. ಡ್ರೈವರ್ ಅದೇ ಊರಿನವನು, ಎಲ್ಲಿ ಜಾರುತ್ತದೆ ಅಂತ ಬಲ್ಲವನು, ಗಾಡಿಗೆ ನಂಬರ್ ಇದೆ. ಕ್ವಾಡ್ ಬೈಕಿನ ವ್ಯಾಪಾರದಲ್ಲಿ ಸ್ಟೇರಿಂಗು ಗೊತ್ತಿಲ್ಲದವನ ಕೈಯಲ್ಲಿರುತ್ತದೆ, ಲಾಭ ಮಾಲೀಕನ ಖಾತೆಗೆ ಹೋಗುತ್ತದೆ, ಊರಿನ ಹುಡುಗನಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಮುಂದೆ ಓಡಿ ದಾರಿ ತೋರಿಸುವ ಕೆಲಸ. ಅದೇ ಹುಡುಗ ನಡೆಸಿಕೊಂಡು ಹೋಗಿ ಹಕ್ಕಿ, ಹುಲ್ಲು, ಒರತೆ ತೋರಿಸಿದರೆ ಗೈಡ್ ಆಗುತ್ತಾನೆ, ಅವನ ತಿಳಿವಳಿಕೆಗೂ ದುಡ್ಡು ಬರುತ್ತದೆ.

ಇನ್ನೊಂದು ಉತ್ತರ: ‘ನಾವು ಪ್ರಕೃತಿ ಪ್ರೇಮಿಗಳು.’ ಇರಬಹುದು. ಪ್ರೀತಿಸುವವರ ಎದೆ ಮೇಲೆ ಯಾರಾದರೂ ಗಾಡಿ ಹತ್ತಿಸ್ತಾರಾ?

ಹಾಗಾದರೆ ಏನು ಮಾಡಬೇಕು? ಕಷ್ಟದ ಕೆಲಸವೇನಲ್ಲ. ಗಾಡಿಗಳು ತೋಟದ ಬೇಲಿಯೊಳಗೇ ಓಡಲಿ. ಈಗಾಗಲೇ ಇರುವ ಮಣ್ಣು ದಾರಿ, ಬಿಟ್ಟ ಕಲ್ಲುಕ್ವಾರಿ, ಸಮತಟ್ಟು ಜಾಗ ಬೇಕಾದಷ್ಟಿವೆ. ಮಳೆಗಾಲದಲ್ಲಿ ಪೂರ್ತಿ ನಿಲ್ಲಲಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಮನೆ ಮಠ ಸಮೇತ ಜರಿದದ್ದು ನೋಡಿದ ಮೇಲೂ ಒದ್ದೆ ಇಳಿಜಾರನ್ನು ಕೆದಕುವ ಧೈರ್ಯ ಯಾರಿಗೂ ಬರಬಾರದು. ಒಂದು ಗಾಡಿಗೆ ಒಬ್ಬನೇ, ಹದಿನೆಂಟು ತುಂಬಿದವನೇ, ಅಳತೆಗೆ ಸರಿಯಾದ ಹೆಲ್ಮೆಟ್, ಅರ್ಧ ಗಂಟೆಯಾದರೂ ತರಬೇತಿ. ಗೋಮಾಳದ ಮೇಲೆ ಗಾಡಿ ಬಿಡುವ ವಿಷಯ ಗ್ರಾಮಸಭೆಯಲ್ಲಿ ಚರ್ಚೆಗೆ ಬರಲಿ, ಕೆಳಗಿನ ಮನೆಯವರು ಅಲ್ಲಿ ಮಾತಾಡಲಿ.

ಸರ್ಕಾರ ಇದನ್ನೆಲ್ಲ ಮಾಡುವವರೆಗೆ ಕಾಯಬೇಕಾಗಿಲ್ಲ. ಬುಕ್ ಮಾಡೋ ಮೊದಲು ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ. ಗಾಡಿ ತೋಟದ ಗಡಿ ದಾಟುತ್ತದಾ? ಬಿದ್ದರೆ ವಿಮೆ ಇದೆಯಾ? ಆ ಗುಡ್ಡದ ಕೆಳಗೆ ಯಾರ ಮನೆಗೆ ನೀರು ಹೋಗುತ್ತದೆ? ಮೊದಲ ಎರಡಕ್ಕೆ ತಡವರಿಸಿದರೆ ಫೋನ್ ಇಡಿ. ಮೂರನೆಯದಕ್ಕೆ ‘ಅದೆಲ್ಲ ಯಾಕೆ ಸಾರ್ ನಿಮಗೆ’ ಅಂದರೆ ಆ ದುಡ್ಡಿನಲ್ಲಿ ಒಂದು ಜೊತೆ ಒಳ್ಳೆಯ ಶೂ ಕೊಂಡು, ಅನುಮತಿ ಇರುವ ದಾರಿಯಲ್ಲಿ ಗೆಳೆಯರ ಜೊತೆ ನಡೆದು ಹೋಗಿ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ ಇದೆ. ಹತ್ತಿದವನಿಗೆ ಸುಸ್ತಾಗುತ್ತದೆ, ಬೆಟ್ಟಕ್ಕೆ ಏನೂ ಆಗೋದಿಲ್ಲ.