ಗಡುವು ಯಾರ ಪಾಲಿಗೆ?

ಹವ್ಯಾಸಿ ರೇಡಿಯೊ ಬಳಗದ ‘ಸಿಕ್ಯೂ ವರ್ಲ್ಡ್ ವೈಡ್’ ಸ್ಪರ್ಧೆಯು 48 ಗಂಟೆಗಳ ಕಾಲ ನಡೆಯುತ್ತದೆ. ಅದು ಮುಗಿದ 5 ದಿನಗಳೊಳಗೆ ಸ್ಪರ್ಧಿಯು ತನ್ನ ಸಂಪರ್ಕಗಳ ದಾಖಲೆಯನ್ನು ಸಲ್ಲಿಸಬೇಕು. ಧ್ವನಿಮುದ್ರಣವನ್ನು ಕೇಳಿ, ಅಂತರಜಾಲವನ್ನು ಹುಡುಕಿ ಕರೆಸಂಕೇತಗಳನ್ನು ತಿದ್ದುವಂತಿಲ್ಲ. ಅವಧಿ ಕಿರಿದಾದಷ್ಟೂ ತಿದ್ದುವ ಆಸೆಗೆ ಎಡೆ ಕಡಿಮೆ.

ಆದರೆ ವಿಳಂಬವು ದಾಖಲಿಸಿಕೊಳ್ಳುವವರ ಕಡೆಯಿಂದಲೇ ಆದರೆ? ಅಮೆರಿಕದ ಎ.ಆರ್.ಆರ್.ಎಲ್. ಸಂಸ್ಥೆಯು 2003ರಿಂದ ‘ಲಾಗ್‌ಬುಕ್ ಆಫ್ ದ ವರ್ಲ್ಡ್’ ಎಂಬ ಆನ್‌ಲೈನ್ ದಾಖಲೆಯನ್ನು ನಡೆಸುತ್ತಿದೆ. ಇಬ್ಬರೂ ಕಳುಹಿಸಿದ ವಿವರಗಳು ತಾಳೆಯಾದರಷ್ಟೇ ಅಲ್ಲಿ ಸಂಪರ್ಕವು ದೃಢಪಡುತ್ತದೆ. 2024ರ ಮೇ ತಿಂಗಳಲ್ಲಿ ಸಂಸ್ಥೆಯ ಮೇಲೆ ಸೈಬರ್ ದಾಳಿ ನಡೆದು, ಜುಲೈ 1ರಂದು ಮರಳುವವರೆಗೆ ಆ ಸೇವೆಯು ಸ್ಥಗಿತವಾಗಿತ್ತು. ಆದರೂ ಸ್ಪರ್ಧೆಯ ಅಂಕಗಳು ಅದನ್ನು ಅವಲಂಬಿಸುವುದಿಲ್ಲ; ಪ್ರತ್ಯೇಕವಾಗಿ ಸಲ್ಲಿಸಿದ ದಾಖಲೆಗಳನ್ನು ಪರಸ್ಪರ ಹೋಲಿಸಿಯೇ ನಿರ್ಣಯಿಸುತ್ತಾರೆ. ಸಂಪರ್ಕದ ದಿನಾಂಕವೂ ಮಾತು ನಡೆದ ದಿನದ್ದೇ ಹೊರತು, ದೃಢಪಟ್ಟ ದಿನದ್ದಲ್ಲ.

ನಮ್ಮ 1963ರ ಕಾಲಪರಿಮಿತಿ ಅಧಿನಿಯಮದ 4ನೆಯ ಕಲಮು ಇದೇ ನ್ಯಾಯವನ್ನು ಹೇಳುತ್ತದೆ: ಗಡುವಿನ ಕೊನೆಯ ದಿನ ನ್ಯಾಯಾಲಯವು ಮುಚ್ಚಿದ್ದರೆ, ತೆರೆದ ದಿನವೇ ದಾವೆಯನ್ನು ಸಲ್ಲಿಸಬಹುದು. ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುವ ಮಕ್ಕಳಿಗೂ ಈ ನ್ಯಾಯವು ದೊರೆಯಬೇಕು. ಕೊನೆಯ ದಿನ ಜಾಲತಾಣವೇ ಕೆಟ್ಟು ನಿಂತರೆ, ಆ ಹೊತ್ತನ್ನು ಮಗುವಿನ ಲೆಕ್ಕಕ್ಕೆ ಬರೆಯಲಾಗದು. ಪಾಲಕರು ಆ ಪರದೆಯ ಚಿತ್ರವನ್ನು ದಿನಾಂಕ, ಸಮಯ ಸಹಿತ ತೆಗೆದಿರಿಸಿ, ಅಂದೇ ಲಿಖಿತ ಮನವಿಯನ್ನು ಕೊಡುವುದು ಲೇಸು.