ಟರ್ಬೊ ಹೋಯ್ತು ಅಂದ ತಕ್ಷಣ ದುಡ್ಡು ಬಿಚ್ಚಬೇಡಿ

ತಾಳವಾಡಿ ಸೀಮೆಯ ಅಣ್ಣ ತಮ್ಮಂದಿರೇ,

ನಮ್ಮ ಬೆಟ್ಟದ ಊರುಗಳಲ್ಲಿ ಈಗ ಬೀದಿಗೊಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ನಿಂತಿರುತ್ತೆ. ಚಾಮರಾಜನಗರದಲ್ಲೋ, ಮೈಸೂರಲ್ಲೋ, ಕೊಯಮತ್ತೂರಲ್ಲೋ ಕೊಂಡು ತಂದದ್ದು. ಯಾರೂ ಶೋಕಿಗೆ ತಂದಿಲ್ಲ. ಕೋಸು, ಬೆಳ್ಳುಳ್ಳಿ ಸಾಗಿಸೋಕೆ, ಬಾಡಿಗೆ ಓಡಿಸೋಕೆ, ಹೊತ್ತಲ್ಲದ ಹೊತ್ತಲ್ಲಿ ಆಸ್ಪತ್ರೆಗೆ ಓಡೋಕೆ ಅಂತ ಒಡವೆ ಅಡವಿಟ್ಟು ತಂದದ್ದು. ಕಂಪನಿ ವಾರಂಟಿ ಯಾವತ್ತೋ ಮುಗಿದಿರುತ್ತೆ.

ಅಂಥ ಗಾಡಿ ಒಂದು ದಿನ ಬಣ್ಣಾರಿಯಿಂದ ದಿಂಬಂ ಹತ್ತುವಾಗ ಉಸಿರು ಬಿಡುತ್ತೆ. 27 ತಿರುವಲ್ಲಿ ಇನ್ನೂ ಅರ್ಧ ಬಾಕಿ. ಆಕ್ಸಿಲರೇಟರ್ ಪೂರ್ತಿ ತುಳಿದರೂ ತೆವಳುತ್ತೆ, ಹಿಂದೆ ಹೊಗೆ, ಮುಂದೆ ಇಂಜಿನ್ ದೀಪ. ಗ್ಯಾರೇಜಿಗೆ ಹೋದರೆ ಒಂದೇ ಮಾತು: "ಟರ್ಬೊ ಹೋಗಿದೆ, ಹೊಸದು ಹಾಕ್ಬೇಕು."

ನಮ್ಮ ಗೆಳೆಯರೊಬ್ಬರಿಗೆ ಹೀಗೇ ಆಯ್ತು. ಕೆಳಗಡೆ ಒಂದು ಗ್ಯಾರೇಜಲ್ಲಿ ಟರ್ಬೊ ಬದಲಿಸಿದರು. ಮೂರು ತಿಂಗಳಿಗೆ ಅದೂ ಹೋಯ್ತು. ಕೇಳಿದ್ರೆ "ಹಳೇ ಗಾಡಿ ಅಲ್ವಾ, ವಾರಂಟಿ ಇಲ್ಲ" ಅಂದುಬಿಟ್ಟರು. ಬಿಚ್ಚಿದ ಹಳೇ ಟರ್ಬೊ ಎಲ್ಲಿ? ಗೊತ್ತಿಲ್ಲ. ಬಿಲ್ ಎಲ್ಲಿ? ಒಂದು ಚೀಟಿ. ಬೇರೆ ಮೆಕ್ಯಾನಿಕ್ ನೋಡಿದಾಗ ತಿಳಿದದ್ದು: ಟರ್ಬೊಗೆ ಆಯಿಲ್ ಹೋಗುವ ಸಣ್ಣ ಪೈಪು ಮಸಿ ಕಟ್ಟಿ ಮುಕ್ಕಾಲು ಮುಚ್ಚಿತ್ತು. ಒಂದು ಪೈಪಿಗೆ ಎರಡು ಟರ್ಬೊ ಬಲಿ.

ನಾವು ಹೇಳೋದು ಇಷ್ಟೇ. ಟರ್ಬೊ ತಾನಾಗೇ ಸಾಯೋದು ಅಪರೂಪ, ಬೇರೆ ಏನೋ ಅದನ್ನ ಸಾಯಿಸುತ್ತೆ. ಆ ಕಾರಣ ತೋರಿಸದೆ ಯಾರು ಹೊಸ ಟರ್ಬೊ ಹಾಕ್ತೀನಿ ಅಂದ್ರೂ ಒಪ್ಪಬೇಡಿ.

ಯಾಕೆ ಅಂದ್ರೆ, ಇಂಜಿನ್ನಿಂದ ಹೊರಬೀಳುವ ಬಿಸಿ ಹೊಗೆ ಟರ್ಬೊದ ಒಂದು ಚಕ್ರ ತಿರುಗಿಸುತ್ತೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನ ಒತ್ತಿ ಇಂಜಿನ್ನಿಗೆ ತುಂಬುತ್ತೆ. ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತೆ. ಆ ಶಾಫ್ಟು ತೇಲೋದು ಇಂಜಿನ್ ಆಯಿಲಿನ ತೆಳು ಪದರದ ಮೇಲೆ. ಆಯಿಲ್ ಕಡಿಮೆಯಾದ್ರೆ, ಕೊಳಕಾದ್ರೆ, ಪೈಪು ಕಟ್ಟಿದ್ರೆ ಬೇರಿಂಗ್ ತಿಂದುಹೋಗುತ್ತೆ. ಏರ್ ಫಿಲ್ಟರ್ ಹರಿದು ಧೂಳು ಒಳಗೆ ಹೋದ್ರೆ ರೆಕ್ಕೆಯ ಅಂಚು ಸವೆಯುತ್ತೆ.

ಎಷ್ಟೋ ಸಲ ಟರ್ಬೊ ಚೆನ್ನಾಗೇ ಇರುತ್ತೆ. ಆದ್ದರಿಂದ ಮೊದಲು ಅಗ್ಗದ್ದನ್ನ ನೋಡಿಸಿ:

– ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್ ಸೀಳಿದೆಯಾ, ಕ್ಲಾಂಪ್ ಸಡಿಲವಾ? ಪಿಕಪ್ ಇಲ್ಲ, ಕಪ್ಪು ಹೊಗೆ, ಏರುವಾಗ ಬುಸ್ ಅನ್ನುವ ಸದ್ದು ಅಂದ್ರೆ ಮೊದಲ ಅನುಮಾನ ಇದರ ಮೇಲೆ.
– ಸಣ್ಣ ವ್ಯಾಕ್ಯೂಮ್ ಪೈಪು ಬಿರುಕು ಬಿಟ್ಟಿದೆಯಾ? ಆಕ್ಚುಯೇಟರ್ ಕಡ್ಡಿ ಆಡುತ್ತಾ, ಅಂಟಿಕೊಂಡಿದೆಯಾ?
– ಸ್ಕ್ಯಾನ್ ಹಾಕಿಸಿ, ಬಂದ ಕೋಡನ್ನ ಫೋಟೊ ತೆಗೆದುಕೊಳ್ಳಿ. ಕೋಡ್ ದಾರಿ ತೋರಿಸುತ್ತೆ, ತೀರ್ಪು ಕೊಡಲ್ಲ.
– ಕೊನೆಗೆ ಗಾಳಿ ಬರುವ ಪೈಪು ಬಿಚ್ಚಿ, ಇಂಜಿನ್ ತಣ್ಣಗಿರುವಾಗ ಶಾಫ್ಟು ಅಲ್ಲಾಡಿಸಿ. ಅಡ್ಡಕ್ಕೆ ಸ್ವಲ್ಪ ಆಡೋದು ಸಹಜ. ಹಿಂದಕ್ಕೆ ಮುಂದಕ್ಕೆ ಕೈಗೆ ಗೊತ್ತಾಗುವಷ್ಟು ಆಡಿದ್ರೆ, ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ರೆ, ಸೈರನ್ ತರ ಕೂಗು, ನೀಲಿ ಹೊಗೆ ಇದ್ರೆ ಆಗ ಟರ್ಬೊ ಹೋಗಿದೆ ಅನ್ನಿ.

ನಿಜವಾಗ್ಲೂ ಹೋಗಿದ್ರೆ ಪೂರ್ತಿ ಹೊಸದೇ ಬೇಕು ಅಂತಿಲ್ಲ. ಹೊರಗಿನ ಹೌಸಿಂಗ್ ಚೆನ್ನಾಗಿದ್ರೆ ಒಳಗಿನ ಕೋರ್ ಮಾತ್ರ ಬದಲಿಸಬಹುದು, ಖರ್ಚು ಬಹಳ ಕಡಿಮೆ. ಯಾವುದೇ ಹಾಕಿದ್ರೂ ಆಯಿಲ್, ಫಿಲ್ಟರ್, ಆಯಿಲ್ ಪೈಪು ಹೊಸದಾಗಲೇಬೇಕು, ಇಂಟರ್‌ಕೂಲರ್ ತೊಳೆಯಲೇಬೇಕು. ಈ ಕೆಲಸ ಬಿಟ್ಟ ಎಸ್ಟಿಮೇಟು ಅರ್ಧ ಎಸ್ಟಿಮೇಟು.

ಇದೆಲ್ಲ ಗೊತ್ತಿದ್ದೂ ನಾವು ಯಾಕೆ ತಲೆ ಆಡಿಸಿ ಬರ್ತೀವಿ? ಅವಸರಕ್ಕೆ. 2022ರ ಫೆಬ್ರವರಿಯಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಕತ್ತಲಾಗೋದ್ರೊಳಗೆ ಮೇಲೆ ಹತ್ತಬೇಕು, ಇನ್ನೊಂದು ದಿನ ಬರೋಕೆ ಆಗಲ್ಲ ಅನ್ನೋ ಚಿಂತೆಯಲ್ಲಿ "ಆಯ್ತು, ಏನ್ ಬೇಕೋ ಮಾಡ್ಬುಡಿ" ಅಂದುಬಿಡ್ತೀವಿ. ತಮಿಳು ಮಾತಾಡೋಕೆ ಬಂದ್ರೂ ಓದೋಕೆ ಬಾರದವರು ನಮ್ಮಲ್ಲಿ ಇದ್ದಾರೆ. ಚೀಟಿಯಲ್ಲಿ ಏನಿದೆ ಅಂತ ಕೇಳೋಕೆ ನಾಚಿಕೆ ಪಟ್ಟು ಸಹಿ ಹಾಕ್ತೀವಿ. ನಾಚಿಕೆ ಬೇಡ. ಓದಿ ಹೇಳಿ ಅಂತ ಕೇಳಿ, ಫೋಟೊ ತೆಗೆದು ಗೊತ್ತಿರೋರಿಗೆ ಕಳಿಸಿ, ಆಮೇಲೆ ಹೂಂ ಅನ್ನಿ. ಅವತ್ತು ಗಾಡಿ ಅಲ್ಲೇ ಬಿಟ್ಟು ಬಸ್ಸಲ್ಲಿ ಬಂದ್ರೂ ನಷ್ಟ ಇಲ್ಲ.

ಇನ್ನೊಂದು ವಿಷಯ. ಕಂಪನಿ ವಾರಂಟಿ ಮುಗಿದಿದೆ ಅಂದ್ರೆ ಹಕ್ಕೂ ಮುಗಿದಿದೆ ಅಂತಲ್ಲ. ರಿಪೇರಿ ಅನ್ನೋದು ದುಡ್ಡು ಕೊಟ್ಟು ಪಡೆದ ಸೇವೆ. ಕೆಟ್ಟ ಕೆಲಸ ಮಾಡಿದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಂಡದ್ದು, ರಿಪೇರಿ ಮಾಡಿಸಿದ್ದು ಎಲ್ಲೇ ಆಗಿರಲಿ, ನೀವು ವಾಸ ಇರುವ ಜಿಲ್ಲೆಯ ಆಯೋಗದಲ್ಲೇ, ಅಂದ್ರೆ ನಮಗೆ ಈರೋಡ್‌ನಲ್ಲೇ, ದಾಖಲಿಸಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ರೆ ಶುಲ್ಕ ಇಲ್ಲ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಗಾಡಿ ಓಡಿಸುವವರೂ ಗ್ರಾಹಕರೇ. ಬಿಲ್ ಕೊಡದೇ ಇರೋದೂ ಕಾಯ್ದೆ ಪ್ರಕಾರ ತಪ್ಪೇ. ಮೊದಲು 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಆದರೆ ಡೀಲರ್ ಅಲ್ಲದ ಒಬ್ಬ ಖಾಸಗಿ ವ್ಯಕ್ತಿಯಿಂದ ಕಾರು ಕೊಂಡಿದ್ರೆ ಮಾರಿದವನ ಮೇಲೆ ಈ ದಾರಿ ನಡೆಯೋದು ಕಷ್ಟ. ಅದಕ್ಕೇ ಕೊಳ್ಳುವ ಮೊದಲೇ ಏರಿನಲ್ಲಿ ಓಡಿಸಿ ನೋಡಿ, ಆಯಿಲ್ ಬದಲಿಸಿದ ಬಿಲ್‌ಗಳನ್ನ ಕೇಳಿ.

ಕೊನೆಗೆ ನಮ್ಮ ತಪ್ಪೂ ಒಪ್ಪಿಕೊಳ್ಳೋಣ. ಆಯಿಲ್ ಬದಲಿಸೋದನ್ನ ಮುಂದಿನ ಬೆಳೆಗೆ ನೋಡೋಣ ಅಂತ ತಳ್ಳೋರು ನಾವೇ. ಘಾಟಿ ಹತ್ತಿ ನಿಂತ ತಕ್ಷಣ ಕೀ ತಿರುಗಿಸೋರು ನಾವೇ. ಹತ್ತಿದ ಮೇಲೆ ಒಂದೆರಡು ನಿಮಿಷ ಇಂಜಿನ್ ಸುಮ್ಮನೆ ಓಡಲಿ, ಟರ್ಬೊ ತಣಿಯಲಿ. ನೀಲಿ ಹೊಗೆ ಬಂದ್ರೆ ಊರು ಸೇರಿಸೋಣ ಅಂತ ಓಡಿಸಬೇಡಿ. ಸೀಲು ಒಡೆದು ಆಯಿಲ್ ಒಳಗೆ ಹೋದ್ರೆ ಡೀಸೆಲ್ ಇಂಜಿನ್ ಆ ಆಯಿಲನ್ನೇ ಕುಡಿದು ತಾನಾಗೇ ಕಿರುಚುತ್ತೆ, ಕೀ ತೆಗೆದರೂ ನಿಲ್ಲಲ್ಲ. ಆಗ ಟಾಪ್ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಟ್ಟು ಇಂಜಿನ್ ಆಫ್ ಮಾಡಿಸಿ, ಎಲ್ಲರೂ ಇಳಿದು ದೂರ ನಿಲ್ಲಿ.

ಮುಂದಿನ ಸಲ ಯಾರಾದ್ರೂ "ಟರ್ಬೊ ಹೋಗಿದೆ" ಅಂದ್ರೆ ಮೂರು ಮಾತು ಕೇಳಿ: ಯಾಕೆ ಹೋಯ್ತು? ಹಳೇದು ನನ್ನ ಕೈಗೆ ಕೊಡ್ತೀರಾ? ಬಿಲ್ಲಲ್ಲಿ ಎಷ್ಟು ತಿಂಗಳ ಗ್ಯಾರಂಟಿ ಬರೀತೀರಾ? ಮೂರಕ್ಕೂ ಉತ್ತರ ಇರೋ ಮೆಕ್ಯಾನಿಕ್ ಸಿಕ್ಕಿದ್ರೆ ಬಿಡಬೇಡಿ, ಊರಿನವರಿಗೆಲ್ಲ ಹೇಳಿ. ಒಳ್ಳೇ ಕೈಗೆ ಕೆಲಸ ಸಿಗಲಿ, ನಮ್ಮ ಬೆವರಿನ ದುಡ್ಡು ಉಳೀಲಿ.

ಗಾಡಿ ಇಟ್ಟಿರೋ ನಿಮ್ಮ ಗೆಳೆಯರಿಗೂ ಇದನ್ನ ಕಳಿಸಿ.