ಹೊಟ್ಟೆಗೆ ಪಟ್ಟಿ ಹಾಕಿಸುವ ಮುನ್ನ

ಬೆಳಿಗ್ಗೆ ಅಂಗಡಿಯ ಗಾದಿಯ ಮೇಲೆ ಕುಳಿತರೆ ಸಂಜೆಯವರೆಗೆ ಏಳದ ಬಾಳು ನಮ್ಮ ಬಹುಪಾಲು ವ್ಯಾಪಾರಿ ಬಂಧುಗಳದು. ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕೆಂಬ ಆತುರದಲ್ಲಿ ಗಬಗಬನೆ ಉಂಡು ಏಳುವವರೂ ಉಂಟು. ಮದ್ಯ ಮಾಂಸಗಳ ಸೋಂಕಿಲ್ಲದ ಮನೆಗಳಲ್ಲಿಯೂ ಬೊಜ್ಜು, ಸಕ್ಕರೆ ರೋಗ, ರಕ್ತದೊತ್ತಡಗಳು ಬೇರೂರಿವೆ. ಹೀಗಾಗಿ "ಹೊಟ್ಟೆಗೆ ಪಟ್ಟಿ ಹಾಕಿಸಿದರೆ ಹೇಗೆ?" ಎಂಬ ಮಾತು ಕೆಲವು ಮನೆಗಳಲ್ಲಿ ಏಳುತ್ತದೆ. ಈ ಸಲ ಅದರ ಗುಣದೋಷಗಳನ್ನು ವಾಚಕರ ಮುಂದಿಡುತ್ತೇವೆ.

ಪಟ್ಟಿ ಎಂದರೇನು?

ವೈದ್ಯರು ಇದನ್ನು ಗ್ಯಾಸ್ಟ್ರಿಕ್ ಬ್ಯಾಂಡ್ ಎನ್ನುತ್ತಾರೆ. ಸಿಲಿಕೋನಿನ ಬಳೆಯೊಂದನ್ನು ಜಠರದ ಮೇಲ್ಭಾಗಕ್ಕೆ ಸುತ್ತಿ ಕೂಡಿಸುತ್ತಾರೆ. ಬಳೆಯ ಮೇಲುಗಡೆ ಒಂದು ಪುಟ್ಟ ಚೀಲದಷ್ಟು ಜಾಗ ಉಳಿಯುವುದರಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಬಳೆಯ ಒಳಮೈ ಸೈಕಲ್ಲಿನ ಟ್ಯೂಬಿನಂತೆ ಟೊಳ್ಳು. ಅದರಿಂದ ಹೊರಟ ಸಣ್ಣ ನಳಿಕೆ ಚರ್ಮದ ಕೆಳಗೆ ಇಟ್ಟ ಗುಂಡಿಯಂಥ ಪೋರ್ಟಿಗೆ ಸೇರುತ್ತದೆ. ಅಲ್ಲಿ ಸೂಜಿ ಚುಚ್ಚಿ ಉಪ್ಪುನೀರು ತುಂಬಿದರೆ ಬಳೆ ಬಿಗಿಯುತ್ತದೆ, ತೆಗೆದರೆ ಸಡಿಲಾಗುತ್ತದೆ. ಜಠರವನ್ನು ಕೊಯ್ದು ತೆಗೆಯುವುದಿಲ್ಲ; ಬೇಡವಾದರೆ ಪಟ್ಟಿಯನ್ನೇ ತೆಗೆಸಬಹುದು. ಆದರೆ ತೆಗೆಸಿದ ಮೇಲೆ ತೂಕ ಸಾಮಾನ್ಯವಾಗಿ ಮರಳಿ ಬರುತ್ತದೆ.

1993ರಲ್ಲಿ ಬೆಲ್ಜಿಯಮ್ಮಿನ ಶಸ್ತ್ರವೈದ್ಯ ಮಿಟಿಕು ಬೆಲಾಚೂ ಅವರು ಸಣ್ಣ ರಂಧ್ರಗಳ ಮೂಲಕ, ದುರ್ಬೀನಿನ ಸಹಾಯದಿಂದ ಈ ಪಟ್ಟಿ ಹಾಕಿದರು. 2001ರಲ್ಲಿ ಅಮೆರಿಕದ ಸರಕಾರ ಒಪ್ಪಿಗೆ ಕೊಟ್ಟಿತು. 2011ರ ಹೊತ್ತಿಗೆ ಆ ದೇಶದಲ್ಲಿ ತೂಕ ಇಳಿಸುವ ಶಸ್ತ್ರಕ್ರಿಯೆಗಳಲ್ಲಿ ಮೂರರಲ್ಲಿ ಒಂದು ಪಟ್ಟಿಯದೇ ಆಗಿತ್ತು. 2019ಕ್ಕೆ ಅದು ನೂರಕ್ಕೆ ಒಂದರ ಸುಮಾರಿಗೆ ಇಳಿಯಿತು.

ಈ ಇಳಿಕೆಗೆ ಕಾರಣಗಳಿವೆ. ವರ್ಷಗಳು ಕಳೆದಂತೆ ಪಟ್ಟಿ ಜಾರುವುದು, ಜಠರದ ಗೋಡೆಯನ್ನು ಸವೆಸಿ ಒಳಗಿಳಿಯುವುದು, ನಳಿಕೆ ಸೋರುವುದು, ಎದೆಯುರಿ, ಅನ್ನನಾಳ ಹಿಗ್ಗುವುದು ಮುಂತಾದ ತೊಂದರೆಗಳಿಂದ ಬಹಳ ಮಂದಿ ಮತ್ತೊಮ್ಮೆ ಶಸ್ತ್ರಕ್ರಿಯೆಗೆ ಒಳಗಾಗಬೇಕಾಯಿತು. ತೂಕವೂ ಬೇರೆ ವಿಧಾನಗಳಷ್ಟು ಇಳಿಯಲಿಲ್ಲ. ಇಂದು ಹೆಚ್ಚಾಗಿ ನಡೆಯುವುದು ಸ್ಲೀವ್ ಎಂಬ ಶಸ್ತ್ರಕ್ರಿಯೆ. ಅದರಲ್ಲಿ ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ; ಅದನ್ನು ಮರಳಿ ಜೋಡಿಸುವಂತಿಲ್ಲ. ಬೈಪಾಸ್ ಇನ್ನೊಂದು ಬಗೆ. 2025ರಿಂದ ಮೌಂಜಾರೋ, ವೆಗೋವಿ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದುಗಳೂ ನಮ್ಮ ದೇಶಕ್ಕೆ ಬಂದಿವೆ. ಆದುದರಿಂದ ಪಟ್ಟಿಯೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋಗದೆ, ನಿಮಗೆ ಯಾವುದು ತಕ್ಕುದೆಂದು ವೈದ್ಯರನ್ನು ಕೇಳಿ.

ಗಡಿಯ ಊರುಗಳವರಿಗೆ ದೊಡ್ಡ ಪ್ರಶ್ನೆ

ಶಸ್ತ್ರಕ್ರಿಯೆ ಒಂದು ದಿನದ ಕೆಲಸ. ಪಟ್ಟಿಯ ಆರೈಕೆ ಅದು ಹೊಟ್ಟೆಯಲ್ಲಿ ಇರುವಷ್ಟು ಕಾಲದ ಕೆಲಸ. ಮೊದಲ ವರ್ಷದಲ್ಲಿ ನಾಲ್ಕಾರು ವಾರಗಳಿಗೊಮ್ಮೆ ಹೋಗಿ ಬಿಗಿ ಸರಿಪಡಿಸಿಕೊಳ್ಳಬೇಕು, ಆಮೇಲೂ ತಪ್ಪದೆ ತೋರಿಸುತ್ತಿರಬೇಕು. ಜತ್ತ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೋ ಪುಣೆಗೋ, ವಯನಾಡಿನವರು ಘಾಟಿ ಇಳಿದು ಕಲ್ಲಿಕೋಟೆಗೋ, ಕಾಸರಗೋಡಿನವರು ಮಂಗಳೂರಿಗೋ ಹೋಗಬೇಕು. ಹಬ್ಬದ ಸುಗ್ಗಿಯಲ್ಲಿ, ಲೆಕ್ಕ ಮುಗಿಸುವ ತಿಂಗಳಲ್ಲಿ ಅಂಗಡಿ ಬಿಟ್ಟು ಹೋಗಲಾದೀತೇ? ಎಂದಾದರೂ ಪಟ್ಟಿ ಬಿಗಿಯಾಗಿ ಗುಟುಕು ನೀರೂ ಇಳಿಯದೆ ವಾಂತಿಯಾಗತೊಡಗಿದರೆ ತಡಮಾಡದೆ ಸಡಿಲಿಸಬೇಕು. ಈ ಕೆಲಸಕ್ಕೆ ಬೇರೆಯೇ ಸೂಜಿ ಬೇಕು. ಅದನ್ನು ಬಲ್ಲ ವೈದ್ಯರು ಎಲ್ಲ ಊರುಗಳಲ್ಲಿ ಇರುವುದಿಲ್ಲ. ಪಟ್ಟಿ ಹಾಕುವವರೇ ಈಗ ಕಡಿಮೆಯಾಗಿರುವುದರಿಂದ, ಹತ್ತು ವರ್ಷದ ಮೇಲೆ ನೋಡುವವರು ಯಾರೆಂದು ಮೊದಲೇ ಕೇಳಿರಿ. ಇದಕ್ಕೆ ಖಚಿತ ಉತ್ತರ ಸಿಗದಿದ್ದರೆ ಪಟ್ಟಿ ಹಾಕಿಸದಿರುವುದೇ ಲೇಸೆಂಬುದು ನಮ್ಮ ಅಭಿಪ್ರಾಯ. ಈಗಾಗಲೇ ಹಾಕಿಸಿಕೊಂಡವರು ಪಟ್ಟಿಯ ಹೆಸರು, ತುಂಬಿದ ನೀರಿನ ಪ್ರಮಾಣ ಬರೆದ ಚೀಟಿಯನ್ನು ಸದಾ ಜೊತೆಗಿಟ್ಟುಕೊಳ್ಳಲಿ.

ಅಡಿಗೆಮನೆ ಮತ್ತು ವ್ರತ

ಪಟ್ಟಿ ಹಾಕಿಸಿಕೊಂಡವರು ಸಣ್ಣ ತುತ್ತನ್ನು ಚೆನ್ನಾಗಿ ಅಗಿದು ನಿಧಾನವಾಗಿ ಉಣ್ಣಬೇಕು. ಊಟದ ನಡುವೆ ನೀರು ಕುಡಿಯಬಾರದು. ಒಣ ರೊಟ್ಟಿ, ಮೆತ್ತನೆಯ ಚಪಾತಿ, ಮುದ್ದೆಗಟ್ಟಿದ ಅನ್ನ ಸಿಕ್ಕಿಕೊಳ್ಳುವುದುಂಟು. ಆದರೆ ಶ್ರೀಖಂಡ, ಬಾಸುಂದಿ, ಪಾಯಸಗಳು ತಡೆಯಿಲ್ಲದೆ ಜಾರಿಹೋಗುತ್ತವೆ. ಸಿಹಿಯ ಚಪಲ ಬಿಡದವರಿಗೆ ಪಟ್ಟಿಯಿಂದ ಲಾಭ ಕಡಿಮೆ. ಉಣ್ಣುವ ಸ್ವಲ್ಪದರಲ್ಲೇ ಸಸಾರಜನಕ ದಿನಕ್ಕೆ 60 ಗ್ರಾಮಿನಷ್ಟಾದರೂ ಸಿಗಬೇಕು. ಮೊಟ್ಟೆ ಮುಟ್ಟದ ನಮಗೆ ತೊವ್ವೆ, ಹಾಲು, ಪನೀರು, ಸೋಯಾಗಳೇ ಆಧಾರ. ಬಿ-12 ಜೀವಸತ್ವದ ಕೊರತೆ ಶಾಕಾಹಾರಿಗಳಲ್ಲಿ ಮೊದಲೇ ಉಂಟು, ಅದನ್ನೂ ಪರೀಕ್ಷಿಸಿಕೊಳ್ಳಬೇಕು.

ಒಂದೇ ಬಾರಿಗೆ ಲೋಟ ತುಂಬ ನೀರು ಇಳಿಯದ ಕಾರಣ ದಿನವಿಡೀ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ರಾತ್ರಿ ನೀರನ್ನೂ ತ್ಯಜಿಸಿದವರು, ದಶಲಕ್ಷಣ ಪರ್ವದಲ್ಲಿ ನಿರ್ಜಲ ಉಪವಾಸ ಮಾಡುವವರು ವೈದ್ಯರಿಗೆ ಇದನ್ನು ಬಿಡಿಸಿ ಹೇಳಬೇಕು, ವ್ರತದ ವಿಷಯವಾಗಿ ಗುರುಗಳ ಮಾರ್ಗದರ್ಶನವನ್ನೂ ಪಡೆಯಬೇಕು. ಪಾರಣೆಯ ದಿನ ಒಮ್ಮೆಲೇ ಉಂಡು ವಾಂತಿಯಾದರೆ ಪಟ್ಟಿ ಜಾರುವ ಭಯವಿದೆ.

ಔಷಧಗಳ ಮಾತನ್ನೂ ಮೊದಲೇ ಆಡಬೇಕು. ರಕ್ತ ಹೆಪ್ಪುಗಟ್ಟದಂತೆ ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ಕೊಡುವ ಹೆಪಾರಿನ್ ಬಗೆಯ ಚುಚ್ಚುಮದ್ದು ಹಂದಿಯ ಕರುಳಿನಿಂದ ತಯಾರಾಗುವುದು. ಎಷ್ಟೋ ಕ್ಯಾಪ್ಸೂಲುಗಳ ಹೊರಪೊರೆ ಜಿಲೆಟಿನ್ನಿನದು. ಫೋಂಡಾಪರಿನಕ್ಸ್ ಎಂಬ ಕೃತಕ ಔಷಧವೂ ಇದೆ, ಆದರೆ ಎಲ್ಲರಿಗೂ ಅದು ಹೊಂದದು. ವಾರ ಮೊದಲೇ ಕೇಳಿದರೆ ವೈದ್ಯರು ದಾರಿ ಹುಡುಕಿಯಾರು. ಶಸ್ತ್ರಕ್ರಿಯೆಯ ದಿನ ಹಠ ಹಿಡಿದು ಚುಚ್ಚುಮದ್ದು ಬೇಡವೆನ್ನುವುದು ಪ್ರಾಣಕ್ಕೇ ಅಪಾಯ.

ವಿಮೆಯ ಲೆಕ್ಕ

ತೂಕವನ್ನು ಕಿಲೋದಲ್ಲಿ ತೆಗೆದುಕೊಂಡು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದೇ ಬಿ.ಎಂ.ಐ. 160 ಸೆಂ.ಮೀ. ಎತ್ತರದವರ ತೂಕ 90 ಕಿಲೋ ಇದ್ದರೆ ಅದು ಸುಮಾರು 35. ಏಷ್ಯದ ಜನರಿಗೆ 27.5 ದಾಟಿದರೆ ಶಸ್ತ್ರಕ್ರಿಯೆಯ ವಿಚಾರ ಮಾಡಬಹುದೆಂದು 2022ರಲ್ಲಿ ಅಂತರರಾಷ್ಟ್ರೀಯ ಶಸ್ತ್ರವೈದ್ಯರ ಸಂಘಗಳು ಹೇಳಿವೆ. ವಿಮೆಯ ಅಳತೆ ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ನಿಯಮದಂತೆ ವಯಸ್ಸು 18 ತುಂಬಿರಬೇಕು, ಬಿ.ಎಂ.ಐ. 40 ಇರಬೇಕು, ಇಲ್ಲವೇ 35ರ ಜೊತೆಗೆ ಹತೋಟಿಗೆ ಬಾರದ ಸಕ್ಕರೆ ರೋಗ, ಹೃದ್ರೋಗ, ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ ಇಂಥದೊಂದು ಇರಬೇಕು. ವೈದ್ಯರು ಆಗಲಿ ಎಂದ ಮಾತ್ರಕ್ಕೆ ವಿಮೆ ಸಿಗುತ್ತದೆಂದು ತಿಳಿಯಬೇಡಿ. ಕಂಪನಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ನಿರ್ಧಾರ ಯಾರದು?

"ನಾಲ್ಕು ಉಪವಾಸ ಮಾಡಿದರೆ ಎಲ್ಲ ಕರಗುತ್ತದೆ" ಎಂದು ದಪ್ಪಗಿರುವ ಮಗಳನ್ನೋ ಸೊಸೆಯನ್ನೋ ಎಲ್ಲರೆದುರು ಚುಚ್ಚುವ ಹಿರಿಯರಿದ್ದಾರೆ. ಬೊಜ್ಜಿನಲ್ಲಿ ವಂಶದ ಪಾಲೂ ಇದೆ. ತೂಕ ಇಳಿದಂತೆಲ್ಲ ಹಸಿವು ಹೆಚ್ಚಿಸುವ ರಸಗಳು ದೇಹದಲ್ಲಿ ಏರುತ್ತವೆ. ಅವಮೌದರ್ಯ, ಎಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು, ನಮ್ಮಲ್ಲಿ ತಪಸ್ಸೆನಿಸಿದೆ. ಅದು ಕಷ್ಟವೆಂದು ತಿಳಿದೇ ಹಿರಿಯರು ತಪಸ್ಸುಗಳ ಸಾಲಿಗೆ ಸೇರಿಸಿದರು. ಆಗಲಿಲ್ಲವೆಂದು ಯಾರನ್ನೂ ಹೀಯಾಳಿಸುವುದು ಸಲ್ಲದು.

ಹಾಗೆಯೇ ಗಂಡು ನೋಡಲು ಬರುವ ಮೊದಲು ಮಗಳ ತೂಕ ಇಳಿಸಬೇಕೆಂದು ಶಸ್ತ್ರಕ್ರಿಯೆಗೆ ಒತ್ತಾಯಿಸುವುದೂ ತಪ್ಪು. ಇಂಥ ಶಸ್ತ್ರಕ್ರಿಯೆಯ ಬಳಿಕ ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದೆಂದು ವೈದ್ಯರು ಹೇಳುತ್ತಾರೆ. ಈ ಮಾತು ಬೀಗರ ಮನೆಗೂ ತಿಳಿದಿರಬೇಕು. ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಆಗಿದ್ದ ಕ್ರಿಸ್ ಕ್ರಿಸ್ಟಿಯವರು 2013ರ ಫೆಬ್ರುವರಿಯಲ್ಲಿ ಗುಟ್ಟಾಗಿ ಪಟ್ಟಿ ಹಾಕಿಸಿಕೊಂಡು ಮೇ ತಿಂಗಳಲ್ಲಿ ಹೊರಗೆಡಹಿದರು. ಊರಿಗೆ ಹೇಳದಿದ್ದರೂ ನಡೆದೀತು, ಬಡಿಸುವವರಿಗೆ ತಿಳಿದಿರಲೇಬೇಕು. ಇಲ್ಲವಾದರೆ "ಇನ್ನೊಂದು ಹೋಳಿಗೆ" ಎಂಬ ಉಪಚಾರವೇ ಶತ್ರುವಾದೀತು.

ಮನೆಯವರೆಲ್ಲ ಕುಳಿತು ಮಾತಾಡಿ, ಇಬ್ಬರು ವೈದ್ಯರನ್ನು ಕಾಣಿರಿ. ಕೊನೆಯ ಮಾತು ಮಾತ್ರ ಶಸ್ತ್ರಕ್ರಿಯೆಗೆ ಒಳಗಾಗುವವರದೇ ಆಗಿರಲಿ.